ನರಗುಂದದ ನಾಟಕಕ್ಕೆ ಬಟ್ಟೆ ಹೊಲಿದದ್ದು

ನಾಟಕದ ಬಟ್ಟೆ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಮಖಮಲ್ಲು. ಕೆಂಪು ಇಲ್ಲವೇ ನೇರಳೆ ಮಖಮಲ್ಲಿನ ಉದ್ದ ಕೋಟು, ಅಂಚಿಗೆ ಹೊಳೆಯುವ ಜರಿ ಲೇಸು, ಸೊಂಟಕ್ಕೊಂದು ಪಟ್ಟಿ. ಬಾಡಿಗೆಗೆ ಕೊಡುವವರ ಹತ್ತಿರ ಹೋದರೆ ದುರ್ಯೋಧನನಿಗೂ ಅದೇ, ಪೇಶ್ವೆಗೂ ಅದೇ, ಕಿತ್ತೂರಿನ ಸರದಾರನಿಗೂ ಅದೇ. ಕಂಪನಿ ನಾಟಕಗಳ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಕೊನೆಯ ಸಾಲಿನಲ್ಲಿ ಕೂತವನಿಗೂ ರಾಜ ರಾಜನಾಗಿ ಕಾಣಬೇಕಿತ್ತು. ಕಂಪನಿ ನಾಟಕದ ಗರುಡ ಸದಾಶಿವರಾಯರ ಹೆಸರು ಕೇಳುತ್ತ ಗದಗಿನಲ್ಲಿ ಬೆಳೆದ ನನಗೆ ಆ ಉಡುಪಿನ ಬಗ್ಗೆ ಗೌರವವಿದೆ.

ಆದರೆ ಬೆಟಗೇರಿಯ ನನ್ನ ಹೊಲಿಗೆ ಅಂಗಡಿಗೆ ಬಂದ ನಾಟಕ ತಂಡದ ಹುಡುಗರು ಕೇಳಿದ್ದು ಬೇರೆ. ಇಂಗ್ಲಿಷರ ಮೇಲೆ ಬಂಡೆದ್ದ ನರಗುಂದದ ಅರಸ ಬಾಬಾಸಾಹೇಬನ ಮೇಲೆ ಹೊಸ ನಾಟಕ. ಚಿಕ್ಕ ಸಭಾಂಗಣ, ಮೊದಲ ಸಾಲು ವೇದಿಕೆಯಿಂದ ಹತ್ತು ಅಡಿ. ನಿರ್ದೇಶಕರು ಹೇಳಿದರು: "ಅಕ್ಕಾರ, ಮಖಮಲ್ ಬ್ಯಾಡ್ರಿ. ಆ ಕಾಲಕ್ಕ ಖರೇನ ಏನ್ ಹಾಕ್ಕೋತಿದ್ರೋ ಅದನ್ನ ಹೊಲದು ಕೊಡ್ರಿ. ಎಷ್ಟ್ ದಿನ ಬೇಕಾದ್ರೂ ಹಿಡೀಲಿ."

ಹೀಗೆ ಕೇಳುವವರು ಸಿಗುವುದು ಅಪರೂಪ. ನಾನು ಒಪ್ಪಿಕೊಂಡೆ.

ನರಗುಂದದ ಬಂಡಾಯ ನಡೆದದ್ದು 1858ರ ಮೇ ತಿಂಗಳ ಕೊನೆಗೆ. ಬಾಬಾಸಾಹೇಬ ಭಾವೆಯ ಜನ ಇಂಗ್ಲಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಸುರೇಬಾನದಲ್ಲಿ ರಾತ್ರಿ ಹೊತ್ತು ಕೊಂದರು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಹೊಲಿಯುವವಳಿಗೆ ಈ ಇಸವಿಯೇ ಅರ್ಧ ಕೆಲಸ ಹೇಳಿಬಿಡುತ್ತದೆ. ಸಿಂಗರ್ ತನ್ನ ಹೊಲಿಗೆ ಮಷಿನ್ನಿಗೆ ಪೇಟೆಂಟ್ ಪಡೆದದ್ದು 1851ರಲ್ಲಿ, ಆದರೆ ಆ ಮಷಿನ್ ಹಿಂದುಸ್ತಾನದಲ್ಲಿ ಸರಿಯಾಗಿ ಮಾರಾಟಕ್ಕೆ ಇಳಿದದ್ದು 1870ರ ದಶಕದಲ್ಲಿ. ಪರ್ಕಿನ್ ಎಂಬ ಹುಡುಗ ಲಂಡನ್ನಿನಲ್ಲಿ ಮೊದಲ ರಾಸಾಯನಿಕ ನೇರಳೆ ಬಣ್ಣ ಕಂಡುಹಿಡಿದದ್ದು 1856ರಲ್ಲಿ. ಅಂದರೆ 1858ರ ನರಗುಂದದಲ್ಲಿ ಎಲ್ಲವೂ ಕೈಹೊಲಿಗೆ, ಎಲ್ಲವೂ ಗಿಡ, ಬೇರು, ಹೂವಿನ ಬಣ್ಣ. ಟಿಚ್ ಬಟನ್ ಇಲ್ಲ, ಹುಕ್ಕು ಇಲ್ಲ, ಜಿಪ್ ಅಂತೂ ಇಲ್ಲವೇ ಇಲ್ಲ. ಕಟ್ಟುವುದೆಲ್ಲ ಕಸಿಯಿಂದ, ಅಂದರೆ ಬಟ್ಟೆಯ ದಾರದಿಂದ, ಗಂಟಿನಿಂದ.

ಏನು ಇರಲಿಲ್ಲ ಎಂಬುದು ಇಷ್ಟು ಬೇಗ ತಿಳಿಯಿತು. ಏನಿತ್ತು ಎಂದು ತಿಳಿಯಲು ಬಹಳ ತಿರುಗಬೇಕಾಯಿತು.

"ಲಕ್ಕುಂಡಿ ಇಲ್ಲೇ ಐತಲ್ರಿ, ಶಿಲ್ಪ ನೋಡ್ರಿ" ಎಂದು ಹಲವರು ಹೇಳಿದರು. ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಅತ್ತಿಮಬ್ಬೆ ಕಟ್ಟಿಸಿದ್ದು 1007ರಲ್ಲಿ. ಬಾಬಾಸಾಹೇಬನಿಗೂ ಆ ಶಿಲ್ಪಗಳಿಗೂ ನಡುವೆ ಎಂಟೂವರೆ ಶತಮಾನ. ಹಳೆಯದೆಲ್ಲ ಒಂದೇ ಹಳೆಯದು ಎನ್ನುವ ಈ ಭಾವನೆಯೇ ನಮ್ಮ ಐತಿಹಾಸಿಕ ನಾಟಕಗಳ ಬಟ್ಟೆಯನ್ನು ಕೆಡಿಸಿದ್ದು ಎಂದು ನನಗೆ ಅನ್ನಿಸುತ್ತದೆ.

ಹೆಚ್ಚು ಉಪಯೋಗಕ್ಕೆ ಬಂದದ್ದು ಧಾರವಾಡದಲ್ಲಿ ಓದಿದ ಮುಂಬಯಿ ಪ್ರೆಸಿಡೆನ್ಸಿಯ ಗ್ಯಾಜೆಟಿಯರ್. ಧಾರವಾಡ ಜಿಲ್ಲೆಯ ಸಂಪುಟ ಬಂದದ್ದು 1884ರಲ್ಲಿ. ಅದನ್ನು ಬರೆದ ಇಂಗ್ಲಿಷರ ಕಣ್ಣು ಆಳುವವರ ಕಣ್ಣು, ಜಾತಿಗಳ ಬಗ್ಗೆ ಅವರು ಬರೆದ ಎಷ್ಟೋ ಮಾತು ಓದಲು ಕಷ್ಟ. ಆದರೆ ಒಂದೊಂದು ಸಮುದಾಯದ ಗಂಡಸರು ಏನು ಹೊದೆಯುತ್ತಿದ್ದರು, ಹೆಂಗಸರು ಕಚ್ಚೆ ಹಾಕುತ್ತಿದ್ದರೋ ಇಲ್ಲವೋ, ಸೆರಗು ತಲೆಯ ಮೇಲೆ ಬರುತ್ತಿತ್ತೋ, ಕುಬಸಕ್ಕೆ ತೋಳು ಎಷ್ಟು ಎಂಬುದನ್ನು ಬಿಡದೆ ಬರೆದಿದ್ದಾರೆ. ಭಾವೆ ಮನೆತನ ಬ್ರಾಹ್ಮಣರದು, ಪೇಶ್ವೆಯವರ ಕಡೆಯದು. ಅವರ ಮನೆಯ ಹೆಂಗಸರಿಗೆ ಕಚ್ಚೆ ಸೀರೆ. ಊರಿನ ಲಿಂಗಾಯತ ಹೆಂಗಸರಿಗೆ ಕಚ್ಚೆಯಿಲ್ಲದ ಉಡಿಗೆ. ಒಂದೇ ವೇದಿಕೆಯ ಮೇಲೆ ಇವೆರಡೂ ಬೇರೆ ಬೇರೆಯಾಗಿ ಕಂಡರೆ ಯಾರ ಮನೆಯವರು ಯಾರೆಂದು ಮಾತಿಲ್ಲದೆ ತಿಳಿಯುತ್ತದೆ.

ಇನ್ನೊಂದು ಆಸರೆ ಫೋಟೋಗಳು. ಡಾಕ್ಟರ್ ಪಿಗೌ ಎಂಬುವರು 1850ರ ದಶಕದಲ್ಲಿ ನಮ್ಮ ಕಡೆಯ ಗುಡಿಗಳ ಚಿತ್ರ ತೆಗೆದಿದ್ದರು. ಅವು, ಬೇರೆಯವರು ತೆಗೆದ ಚಿತ್ರಗಳ ಜೊತೆಗೆ, 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಬಂದವು. ಆ ಕಾಲದ ಛಾಯಾಚಿತ್ರಕಾರರು ಗುಡಿಯ ಎತ್ತರ ತಿಳಿಯಲೆಂದು ಜನರನ್ನು ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ಗುಡಿ ನೋಡುವವರು ಅವರನ್ನು ನೋಡುವುದಿಲ್ಲ. ನಾನು ಇಂಥ ಹಳೆಯ ಚಿತ್ರಗಳಲ್ಲಿ ಗುಡಿ ಬಿಟ್ಟು ಅವರನ್ನೇ ದೊಡ್ಡದು ಮಾಡಿ ನೋಡಿದೆ: ಧೋತರ ಮೊಣಕಾಲಿನ ಎಷ್ಟು ಕೆಳಗೆ ಬಂದಿದೆ, ಅಂಗಿ ಎಲ್ಲಿ ಮುಗಿಯುತ್ತದೆ, ರುಮಾಲಿನ ಸುತ್ತು ಎಷ್ಟು ಅಡ್ಡಾದಿಡ್ಡಿ.

ಈ ಹಳೆಯ ಫೋಟೋಗಳಿಂದ ಬಣ್ಣ ಊಹಿಸುವವರು ಒಂದು ಮಾತು ತಿಳಿದಿರಬೇಕು. ಆಗಿನ ರಾಸಾಯನಿಕಕ್ಕೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿತ್ತು. ಆದ್ದರಿಂದ ನೀಲಿ ಬಟ್ಟೆ ಬಿಳಿಚಿಕೊಂಡು ಕಾಣುತ್ತದೆ, ಕೆಂಪು ಮತ್ತು ಹಳದಿ ಕಪ್ಪಾಗಿ ಕಾಣುತ್ತವೆ. ಕಪ್ಪು ರುಮಾಲು ಎಂದು ನಾವು ಅಂದುಕೊಂಡದ್ದು ಎಷ್ಟೋ ಸಲ ಕೆಂಪು ರುಮಾಲು.

ಬಾಬಾಸಾಹೇಬನ ಮೇಲುಡುಪು ಹೇಗಿರಬೇಕು ಎಂಬುದಕ್ಕೆ ಪೇಶ್ವೆ ದರಬಾರಿನ ಚಿತ್ರಗಳನ್ನು ನೋಡಿದೆ. ಜೇಮ್ಸ್ ವೇಲ್ಸ್ 1792ರಲ್ಲಿ ಪುಣೆಯಲ್ಲಿ ಬರೆದ ಸವಾಯಿ ಮಾಧವರಾವ್ ಮತ್ತು ನಾನಾ ಫಡ್ನವೀಸರ ಚಿತ್ರ ಪ್ರಸಿದ್ಧ. ಅಷ್ಟು ದೊಡ್ಡ ಅಧಿಕಾರದವರ ಮೈಮೇಲೆ ತೆಳುವಾದ ಬಿಳಿಯ ಮಲ್ ಬಟ್ಟೆ. ಶ್ರೀಮಂತಿಕೆಯೆಲ್ಲ ಒಡವೆಯಲ್ಲಿ, ಶಾಲಿನಲ್ಲಿ, ಬಟ್ಟೆಯ ನಯದಲ್ಲಿ. ನಿರ್ದೇಶಕರಿಗೆ ತೋರಿಸಿದೆ. ಅವರು ಸುಮಾರು ಹೊತ್ತು ಸುಮ್ಮನೆ ನೋಡಿ, "ಬಿಳೇದ ಮಾಡ್ರಿ ಹಂಗಾದ್ರ" ಎಂದರು.

ಇಷ್ಟಾದರೂ ಕತ್ತರಿ ಹಿಡಿಯಲು ಧೈರ್ಯ ಬರಲಿಲ್ಲ. ಚಿತ್ರ ನೋಡಿದರೆ ಅಂಗಿ ಕಾಣುತ್ತದೆ, ಅದರ ಜೋಡಣೆ ಕಾಣುವುದಿಲ್ಲ. ನಿಜವಾದ ಹಳೆಯ ಬಟ್ಟೆಯೊಂದನ್ನು ಒಳಗೆ ಹೊರಗೆ ತಿರುಗಿಸಿ ನೋಡಬೇಕಿತ್ತು. ಪರಿಚಯದವರ ಮೂಲಕ ರೋಣದ ಕಡೆಯ ಒಂದು ವಾಡೆಗೆ ಹೋದೆ. ಮನೆಯ ಹಿರಿಯ ಆಯಿ ಟ್ರಂಕು ತೆಗೆಸಿ, ಹಳೆಯ ಧೋತರದಲ್ಲಿ ಸುತ್ತಿಟ್ಟ ಒಂದು ಕುಬಸ ಮತ್ತು ಒಂದು ಬಾರಾಬಂದಿ, ಅಂದರೆ ಕಸಿ ಕಟ್ಟುವ ಗಂಡಸರ ಅಂಗಿ, ಕೊಟ್ಟರು. "ನಮ್ಮ ಮುತ್ತ್ಯಾನ ಅಂಗಿ ನೋಡವಾ ಇದು. ಹರೀಬ್ಯಾಡ ಮತ್ತ."

ಹಳೆಯ ಬಟ್ಟೆ ನೋಡುವ ಕ್ರಮ ಬೇರೆ. ಒಗೆಯಬಾರದು, ಇಸ್ತ್ರಿ ಹಾಕಬಾರದು, ಜಾಡಿಸಬಾರದು, ಮೈಮೇಲೆ ಹಿಡಿದು ನೋಡುವುದೂ ಬೇಡ. ಒಗೆದ ಬಿಳಿ ಚಾದರ ಹಾಸಿ ಅದರ ಮೇಲೆ ಮಲಗಿಸಿದೆ. ಉಂಗುರ, ಬಳೆ ತೆಗೆದಿಟ್ಟೆ. ಟೇಪನ್ನು ಎಳೆಯದೆ, ಬಟ್ಟೆ ಹೇಗೆ ಬಿದ್ದಿದೆಯೋ ಹಾಗೆ ಅಳೆದೆ. ಪ್ರತಿ ಫೋಟೋದಲ್ಲೂ ಪಕ್ಕಕ್ಕೆ ಸ್ಕೇಲ್ ಇಟ್ಟೆ.

ಮೊದಲು ನೋಡಿದ್ದು ಹೊಲಿಗೆಯ ಹಿಂಬದಿ. ಮಷಿನ್ ಹೊಲಿಗೆಯಾದರೆ ಮೇಲೊಂದು ದಾರ, ಕೆಳಗೊಂದು ದಾರ, ಎರಡೂ ಕಡೆ ಒಂದೇ ತರಹದ ನೇರ ಸಾಲು. ಇಲ್ಲಿ ಹಾಗಿರಲಿಲ್ಲ. ಮುಂದೆ ಸಣ್ಣ ಸಣ್ಣ ಚುಕ್ಕಿಯಂಥ ಹೊಲಿಗೆ, ಹಿಂದೆ ಒಂದರ ಮೇಲೊಂದು ಏರಿದ ಉದ್ದ ಹೊಲಿಗೆ. ನಾಲ್ಕಾರು ಹೊಲಿಗೆಗೆ ಒಮ್ಮೆ ಸೂಜಿ ಹಿಂದಕ್ಕೆ ಬಂದು ಬಿಗಿ ಮಾಡಿದೆ. ಇಂಚಿಗೆ ಹತ್ತು, ಹನ್ನೆರಡು. ಬೆರಳಿನಲ್ಲಿ ಸವರಿದರೆ ಜೋಡಣೆಯ ಅಂಚು ಗೊತ್ತೇ ಆಗುವುದಿಲ್ಲ, ಒಳಗಿನ ಬಟ್ಟೆಯನ್ನು ಅಷ್ಟು ಕಿರಿದಾಗಿ ಮಡಚಿ ಹೊಲಿದಿದ್ದಾರೆ. ಮನೆಯವರ ಲೆಕ್ಕದಲ್ಲಿ ಈ ಅಂಗಿ 1858ಕ್ಕಿಂತ ಸ್ವಲ್ಪ ಈಚಿನದು. ಆದರೆ ಕತ್ತರಿಸುವ ಪದ್ಧತಿ ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಹೋಗುವಂಥದ್ದು. ಒಂದು ತಲೆಮಾರಿಗೆ ಬದಲಾಗುವುದಿಲ್ಲ.

ಎರಡನೆಯದಾಗಿ ಹುಡುಕಿದ್ದು ದಡಿ. ನೇಯ್ದ ಬಟ್ಟೆಯ ಈ ಎರಡೂ ಅಂಚು ಸಿಕ್ಕರೆ ಪನ್ನಾ, ಅಂದರೆ ಮಗ್ಗದಿಂದ ಬಂದ ಅಗಲ, ಸಿಕ್ಕಂತೆ. ಬಾರಾಬಂದಿಯ ಬೆನ್ನಿನಲ್ಲಿ ಎರಡೂ ದಡಿ ಇದ್ದವು. ಅಂದರೆ ಬೆನ್ನು ಅಷ್ಟೂ ಒಂದೇ ಪನ್ನಾದ್ದು, ಕತ್ತರಿಸಿ ಸಣ್ಣ ಮಾಡಿಲ್ಲ. ಈಗ ನಾವು 44 ಇಂಚಿನ, 58 ಇಂಚಿನ ಬಟ್ಟೆಗೆ ಒಗ್ಗಿದ್ದೇವೆ. ಲಾಳಿಯನ್ನು ಕೈಯಿಂದಲೇ ಆಚೀಚೆ ದಾಟಿಸುವ ಕುಣಿಮಗ್ಗದಲ್ಲಿ ನೇಕಾರನ ಕೈ ಎಟಕುವಷ್ಟೇ ಪನ್ನಾ. ಆ ಅಗಲಕ್ಕೆ ಮನುಷ್ಯನ ಮೈ ಹೊಂದಿಸುವುದೇ ಆಗಿನ ಸಿಂಪಿಗರ ವಿದ್ಯೆ. ಬಟ್ಟೆ ತುಟ್ಟಿ, ಹೊಲಿಯುವ ಕೈ ಸೋವಿ. ಆದ್ದರಿಂದ ಒಂದು ಬೆರಳಗಲ ಚಿಂದಿ ಬೀಳದ ಹಾಗೆ ಚೌಕ, ತ್ರಿಕೋನ, ಆಯತಗಳಲ್ಲಿ ಕತ್ತರಿಸಿದ್ದಾರೆ. ಬಗಲಲ್ಲಿ ಕೈ ಎತ್ತಲು ಜಾಗ ಬೇಕೆಂದು ಒಂದು ಚೌಕ ತುಂಡನ್ನು ಮೂಲೆಯಾಗಿ ತಿರುಗಿಸಿ ಕೂರಿಸಿದ್ದಾರೆ. ಖಣದ ಕುಬಸದಲ್ಲೂ ಹಾಗೆಯೇ: ದಡಿ ತೋಳಿನ ತುದಿಗೆ ಬರುವಂತೆ ಖಣವನ್ನು ಅಡ್ಡ ತಿರುಗಿಸಿದ್ದಾರೆ, ಮುಂದಿನ ಎರಡು ತುದಿಗಳನ್ನು ಗಂಟು ಹಾಕಲು ಉದ್ದ ಬಿಟ್ಟಿದ್ದಾರೆ, ಟಕ್ಸ್ ಒಂದೂ ಇಲ್ಲ. ಈಗಿನ ಬ್ಲೌಸಿನ ಅಳತೆ ಪಟ್ಟಿ ಹಿಡಿದು ಆ ಕುಬಸ ಹೊಲಿಯಲು ಸಾಧ್ಯವೇ ಇಲ್ಲ.

ನನ್ನ ಇಡೀ ಕೆಲಸಕ್ಕೆ ದಾರಿ ಸಿಕ್ಕಿದ್ದು ಆ ಚಾದರದ ಮೇಲೆ. ಐತಿಹಾಸಿಕ ಬಟ್ಟೆಯನ್ನು ಜರಿಯಿಂದ, ಬಣ್ಣದಿಂದ ಶುರು ಮಾಡಬಾರದು. ಮೊದಲು ಪನ್ನಾ, ಆಮೇಲೆ ಕತ್ತರಿ, ಆಮೇಲೆ ಹೊಲಿಗೆ, ಎಲ್ಲಕ್ಕೂ ಕೊನೆಗೆ ಅಲಂಕಾರ. ಫಾರ್ಬ್ಸ್ ವಾಟ್ಸನ್ ಎಂಬಾತ 1866ರಲ್ಲಿ ಹಿಂದುಸ್ತಾನದ ಬಟ್ಟೆಗಳ 700 ಮಾದರಿಗಳನ್ನು 18 ಸಂಪುಟಗಳಲ್ಲಿ ಅಂಟಿಸಿ ಇಪ್ಪತ್ತು ಪ್ರತಿ ಮಾಡಿಸಿದ್ದ. ಇಲ್ಲಿಯ ಬಟ್ಟೆಯ ಹಾಗೆಯೇ ಮ್ಯಾಂಚೆಸ್ಟರಿನಲ್ಲಿ ನೇಯ್ದು ಇಲ್ಲಿಗೇ ಮಾರಲಿ ಎಂಬುದು ಅವನ ಉದ್ದೇಶ. ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ಅವನೂ ಪ್ರತಿ ತುಂಡಿನ ಜೊತೆ ಉದ್ದ, ಪನ್ನಾ, ತೂಕ ಬರೆದಿಟ್ಟ. ವ್ಯಾಪಾರಿಗೂ ಗೊತ್ತಿತ್ತು, ಪನ್ನಾ ತಪ್ಪಿದರೆ ನಮ್ಮ ಜನ ಕೊಳ್ಳುವುದಿಲ್ಲವೆಂದು.

ಬಟ್ಟೆಗೆ ಹುಬ್ಬಳ್ಳಿಯ ಬೆಂಗೇರಿಗೆ ಹೋದೆ. ರಾಷ್ಟ್ರಧ್ವಜ ತಯಾರಾಗುವ ಖಾದಿ ಸಂಘ ಇರುವುದು ಅಲ್ಲಿಯೇ. ನನಗೆ ಬೇಕಾದದ್ದು ಬ್ಲೀಚ್ ಮಾಡದ ತೆಳು ಖಾದಿ, 36 ಇಂಚು ಪನ್ನಾ. 1858ರ ಹೊತ್ತಿಗೆ ಇಂಗ್ಲೆಂಡಿನ ಮಿಲ್ಲಿನ ನೂಲೂ ನಮ್ಮ ಮಗ್ಗಗಳಿಗೆ ಬಂದಿತ್ತು, ಎಲ್ಲವೂ ಕೈನೂಲೇ ಆಗಿರಲಿಲ್ಲ. ಆದರೂ ಖಾದಿ ಆರಿಸಿದ್ದಕ್ಕೆ ಕಾರಣವಿದೆ. ಅಂಗಡಿಯ ಹಾಲುಬಿಳಿ ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕ ಹಾಕಿರುತ್ತಾರೆ, ವೇದಿಕೆಯ ದೀಪಕ್ಕೆ ಅದು ನೀಲಿ ನೀಲಿಯಾಗಿ ಮಿಂಚುತ್ತದೆ. ಒಗೆಯುವ ಪುಡಿಯಲ್ಲೂ ಅದೇ ಇರುವುದರಿಂದ ಈ ಬಟ್ಟೆಗಳನ್ನೆಲ್ಲ ಅಂಟುವಾಳ ಕಾಯಿಯ ನೀರಿನಲ್ಲೇ ಒಗೆದೆ. ರಾತ್ರಿಯಿಡೀ ನೆನೆಸಿ, ಗಂಜಿ ಬಿಡಿಸಿ, ನೆರಳಲ್ಲಿ ಒಣಗಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಕತ್ತರಿಗೆ ತೆಗೆದುಕೊಂಡೆ.

ಎಲ್ಲವನ್ನೂ ಕೈಯಿಂದಲೇ ಹೊಲಿಯಬೇಕೇ? ಇಷ್ಟೊಂದು ಪಾತ್ರಗಳಿಗೆ ಅದು ಆಗುವ ಮಾತಲ್ಲ. ನಾನು ಒಂದು ಗೆರೆ ಹಾಕಿಕೊಂಡೆ: ನೋಡುವವರ ಕಣ್ಣಿಗೆ ಬೀಳುವ ಅಂಚು, ಅಂದರೆ ಕೊರಳು, ಮುಂಗೈ, ಕೆಳಗಿನ ಅಂಚು, ಕಸಿ, ಇವು ಕೈಹೊಲಿಗೆ. ಒಳಗೆ ಮುಚ್ಚಿಹೋಗುವ ಜೋಡಣೆ ಮಷಿನ್ನಿನದು. ಹತ್ತು ಅಡಿ ದೂರದಿಂದ ಹೊಲಿಗೆ ಎಲ್ಲಿ ಕಾಣುತ್ತದೆ ಎನ್ನುವವರಿದ್ದಾರೆ. ಹೊಲಿಗೆ ಕಾಣುವುದಿಲ್ಲ, ನಿಜ. ಆದರೆ ಮಷಿನ್ ಓಡಿಸಿದ ಅಂಚು ಪಟ್ಟಿ ಕಟ್ಟಿದ ಹಾಗೆ ಸೆಟೆದು ನಿಲ್ಲುತ್ತದೆ, ಕೈಹೊಲಿಗೆಯ ಅಂಚು ಮೈಯ ಜೊತೆ ಮೆತ್ತಗೆ ಬೀಳುತ್ತದೆ. ಅದು ಕೊನೆಯ ಸಾಲಿಗೂ ಕಾಣುತ್ತದೆ.

ದಾರವೂ ಹತ್ತಿಯದೇ ಇರಬೇಕು. ಪಾಲಿಯೆಸ್ಟರ್ ದಾರ ದೀಪಕ್ಕೆ ಹೊಳೆಯುತ್ತದೆ, ಮೇಲಾಗಿ ತೆಳು ಖಾದಿಗಿಂತ ಗಟ್ಟಿ. ಎಳೆದಾಡಿದರೆ ದಾರ ಉಳಿದು ಬಟ್ಟೆಯೇ ಕತ್ತರಿಸಿಹೋಗುತ್ತದೆ.

ಅಂಗಡಿಯಲ್ಲಿರುವ ಮೋಟಾರಿನ ಮಷಿನ್ ಇಂಥ ತೆಳು ಬಟ್ಟೆಗೆ ಆಗದು. ಅದು ನಿಮಿಷಕ್ಕೆ ಸಾವಿರಗಟ್ಟಲೆ ಹೊಲಿಗೆ ಹಾಕುವಂಥದ್ದು, ಪ್ಯಾಂಟಿಗೆ ಒಳ್ಳೆಯದು. ಮನೆಯಲ್ಲಿ ನಮ್ಮ ಅತ್ತೆಯವರ ಕೈಮಷಿನ್ ಇತ್ತು, ಗಾಲಿಯನ್ನು ಕೈಯಿಂದ ತಿರುಗಿಸುವ ಸಿಂಗರ್. ನಂಬರು ವೈ ಅಕ್ಷರದಿಂದ ಶುರುವಾಗುತ್ತದೆ. ಸಿಂಗರ್ ಕಂಪನಿಯ ನಂಬರಿನಿಂದಲೇ ಮಷಿನ್ ಎಲ್ಲಿಯದು, ಯಾವಾಗಿನದು ಎಂದು ತಿಳಿಯುತ್ತದೆ. ವೈ ಎಂದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆ, 1921ರಿಂದ 1935ರ ನಡುವೆ. ಅದರ ಶಟಲ್ ದೋಣಿಯಾಕಾರದ್ದು, ಹಿಂದೆ ಮುಂದೆ ತೂಗುತ್ತದೆ, ಬಾಬಿನ್ ಉದ್ದನೆಯದು. ರಿವರ್ಸ್ ಇಲ್ಲ. ಹೊಲಿಗೆ ಸಣ್ಣದು ದೊಡ್ಡದು ಮಾಡಲು ಒಂದು ತಿರುಪು, ಅಷ್ಟೇ.

ಮಷಿನ್ ರಿಪೇರಿಯ ಚಾಚಾನ ಹತ್ತಿರ ಒಯ್ದೆ. ಗಾಲಿ ಒಂದು ಸುತ್ತು ತಿರುಗಿಸಿ, ಕಿವಿಗೊಟ್ಟು ಕೇಳಿದರು. "ಯಾರೋ ಕೊಬ್ಬರಿ ಎಣ್ಣಿ ಬಿಟ್ಟಾರ ಬೇಟಾ. ಒಳಗ ಅಂಟಾಗಿ ಕುಂತೈತಿ." ಚಿಮಣಿ ಎಣ್ಣೆಯಲ್ಲಿ ನೆನೆಸಿ, ಹಳೆಯ ಜಿಡ್ಡು ಕರಗಿಸಿ, ಟೆನ್ಶನ್ನಿನ ಎರಡು ತಟ್ಟೆಗಳ ನಡುವೆ ಸಿಕ್ಕಿದ್ದ ದಾರದ ಚೂರುಗಳನ್ನು ಸೂಜಿಯಿಂದ ಎಳೆದು ತೆಗೆದರು. ಶಟಲ್ಲಿನ ಮೂತಿಯನ್ನು ಬೆಳಕಿಗೆ ಹಿಡಿದು ನೋಡಿ, ಬಹಳ ನಯವಾದ ಕಾಗದದಿಂದ ತಿಕ್ಕಿದರು. ಆಮೇಲೆ ಮಷಿನ್ ಎಣ್ಣೆ, ಒಂದೊಂದು ತೂತಿಗೆ ಒಂದೇ ಹನಿ. ನಾನು ಕೇಳದಿದ್ದರೂ ಒಂದು ಮಾತು ಹೇಳಿದರು: "ಮಲ್ ಹೊಲೀಬೇಕಂದ್ರ ಸೂಜಿ ಹೊಸಾದ ಹಾಕು. ಹಳೇ ಸೂಜಿ ನೂಲ ಜಗ್ಗತೈತಿ." ಒಂಬತ್ತನೆಯ ನಂಬರಿನ ಸೂಜಿ ತಂದು ಹಾಕಿದೆ.

ಇನ್ನು ಬಾಬಾಸಾಹೇಬನ ಮೇಲುಡುಪು, ಅಂಗರಖಾ. ಮೈಗೆ ಹತ್ತಿದ ಮೇಲ್ಭಾಗ, ಎದೆಯಲ್ಲಿ ದುಂಡಗಿನ ಬಾಯಿ, ಅದರ ಒಳಗೆ ಎದೆ ಮುಚ್ಚುವ ಪರದೆ, ಬಗಲಿಗೆ ಚೌಕ, ಸೊಂಟದಿಂದ ಕೆಳಗೆ ಕಳಿಗಳ, ಅಂದರೆ ಮೇಲೆ ಕಿರಿದು ಕೆಳಗೆ ಅಗಲವಾದ ತುಂಡುಗಳ, ಘೇರು. ಈ ಕಳಿ ಕತ್ತರಿಸುವುದರಲ್ಲೇ ಹಿಂದಿನವರ ಜಾಣತನ ಪೂರ್ತಿ ಕಾಣುತ್ತದೆ. 36 ಇಂಚಿನ ಪನ್ನಾವನ್ನು ಉದ್ದಕ್ಕೆ 12 ಇಂಚಿನ ಮೂರು ಪಟ್ಟಿ ಮಾಡಿದೆ. ಒಂದು ಪಟ್ಟಿಯ ಮೇಲಿನ ಅಂಚಿನಲ್ಲಿ ಎಡಗಡೆಯಿಂದ 2 ಇಂಚಿಗೆ ಒಂದು ಗುರುತು, ಕೆಳಗಿನ ಅಂಚಿನಲ್ಲಿ ಬಲಗಡೆಯಿಂದ 2 ಇಂಚಿಗೆ ಒಂದು ಗುರುತು. ಎರಡನ್ನೂ ಕೂಡಿಸಿ ಓರೆಯಾಗಿ ಕತ್ತರಿಸಿ, ಒಂದನ್ನು ತಲೆಕೆಳಗು ಮಾಡಿದರೆ ಎರಡು ಕಳಿ: ಮೇಲೆ 2 ಇಂಚು, ಕೆಳಗೆ 10 ಇಂಚು. ಒಂದು ಎಳೆ ಚಿಂದಿಯಿಲ್ಲ. ಒಂದು ಪನ್ನಾಕ್ಕೆ ಆರು ಕಳಿ.

ಪ್ರತಿ ಕಳಿಗೆ ಒಂದು ಬದಿ ನೇರ, ಇನ್ನೊಂದು ಬದಿ ಓರೆ. ಓರೆ ಬದಿ ಹಿಗ್ಗುತ್ತದೆ. ಎರಡು ಓರೆಗಳನ್ನು ಕೂಡಿಸಿದರೆ ಘೇರು ಜೋತು ಬೀಳುತ್ತದೆ. ಒಂದರ ಓರೆಗೆ ಇನ್ನೊಂದರ ನೇರ ಬದಿಯನ್ನೇ ಕೊಡಬೇಕು. ಮಷಿನ್ನಿಗೆ ಕೊಡುವಾಗ ಓರೆ ಬದಿ ಕೆಳಗಿರಬೇಕು. ಕೆಳಗಿನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ತುಸು ಹೆಚ್ಚು ಎಳೆದುಕೊಳ್ಳುವುದರಿಂದ ಹಿಗ್ಗಿದ್ದೆಲ್ಲ ಅಲ್ಲೇ ಅಡಗುತ್ತದೆ. ಓರೆ ಮೇಲಿದ್ದರೆ ಕೊನೆಗೆ ಒಂದು ಬೆರಳು ಉದ್ದ ಉಳಿದು ಸುಕ್ಕು ಬರುತ್ತದೆ. ತೆಳು ಬಟ್ಟೆಯ ತುದಿಯನ್ನು ಸೂಜಿ ತಟ್ಟೆಯ ತೂತಿನೊಳಗೆ ಎಳೆದುಕೊಳ್ಳದ ಹಾಗೆ ಶುರುವಿಗೆ ಕೆಳಗೊಂದು ಪೇಪರ್ ಚೂರು ಇಟ್ಟೆ, ಹೊಲಿದ ಮೇಲೆ ಹರಿದು ತೆಗೆದೆ. ಬಲಗೈ ಗಾಲಿಯ ಮೇಲೆ, ಬಟ್ಟೆಗೆ ಎಡಗೈ ಒಂದೇ. ರಿವರ್ಸ್ ಇಲ್ಲದ್ದರಿಂದ ಪ್ರತಿ ಸಾಲಿನ ಕೊನೆಗೆ ಎರಡು ದಾರ ಒಳಗೆಳೆದು ಕೈಯಿಂದ ಗಂಟು. ಇಂಚಿಗೆ ಹದಿನಾಲ್ಕು ಹೊಲಿಗೆ ಬಂದಿತು, ನುಣ್ಣಗೆ. ಆ ಮೇಲೆ ಘೇರನ್ನು ಒಂದು ರಾತ್ರಿ ಹ್ಯಾಂಗರಿಗೆ ತೂಗುಹಾಕಿ, ಓರೆ ಇಳಿಯುವಷ್ಟು ಇಳಿದ ಮೇಲೆ ಅಂಚು ಸಮ ಮಾಡಿ, ಕೈಯಿಂದ ಹೆಮ್ಮಿಂಗ್ ಮಾಡಿದೆ. ಕಸಿಯನ್ನು ಎಡಕ್ಕೆ ಕಟ್ಟುವಂತೆ ಇಟ್ಟೆ. ಮೊಗಲರ ಕಾಲದ ಚಿತ್ರಗಳಲ್ಲಿ ಹಿಂದೂಗಳ ಜಾಮಾ ಎಂಬ ಉದ್ದ ಅಂಗಿ ಎಡಕ್ಕೆ, ಮುಸಲ್ಮಾನರದು ಬಲಕ್ಕೆ ಕಟ್ಟಿರುವುದು ಕಾಣುತ್ತದೆ, ಆ ರೂಢಿಯನ್ನು ಹಿಡಿದೆ.

ಬಾರಾಬಂದಿ ಸುಲಭ. ಹೆಸರೇ ಹೇಳುವ ಹಾಗೆ ಹನ್ನೆರಡು ಕಸಿ, ಆರು ಜೋಡಿ. ಕಾರಕೂನರಿಗೂ ಸಿಪಾಯಿಗಳಿಗೂ ಅದನ್ನೇ ಕೊಟ್ಟೆವು. ಪಗಡಿ ನಾನು ಮಾಡಲಿಲ್ಲ, ಅದು ಬೇರೆಯೇ ಕಸಬು, ಕಟ್ಟುವವರಿಂದಲೇ ತರಿಸಿದೆವು.

ಮ್ಯಾನ್ಸನ್‌ನ ಉಡುಪಿಗೆ ಚರ್ಚೆ ನಡೆಯಿತು. ಇಂಗ್ಲಿಷ್ ಅಧಿಕಾರಿ ಎಂದರೆ ಕೆಂಪು ಕೋಟು, ಜನ ಗುರುತು ಹಿಡಿಯುತ್ತಾರೆ ಎಂಬುದು ನಿರ್ದೇಶಕರ ವಾದ. ನಾನು ಕೇಳಿದೆ: "ಸರ್, ಮೇ ತಿಂಗಳು, ಸುರೇಬಾನ, ರಾತ್ರಿ ಹೊತ್ತು. ಅಂಥಾ ಝಳದಾಗ ಉಣ್ಣಿ ಕೋಟ್ ಹಾಕ್ಕೊಂಡು ಯಾರ್ ಮಲಗ್ತಾರ್ರಿ?" ಅವರಿಗೆ ಒಪ್ಪಿಗೆಯಾಯಿತು. ಅಗಲ ತೋಳಿನ ಬಿಳಿ ಅಂಗಿ, ದಪ್ಪ ಡ್ರಿಲ್ಲಿನ ಪ್ಯಾಂಟು, ಅಷ್ಟೇ. ಕೋಟನ್ನು ಖುರ್ಚಿಯ ಬೆನ್ನಿಗೆ ಹಾಕಿಟ್ಟೆವು. ಬೆಂಗಾವಲಿನವರಿಗೆ ಬಿಳಿ ಡ್ರಿಲ್ಲನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಮಣ್ಣಿನ ಬಣ್ಣ ಮಾಡಿದೆ. 1857ರ ದಂಗೆಯಲ್ಲಿ ಇಂಗ್ಲಿಷ್ ಪಲಟಣಗಳೇ ತಮ್ಮ ಬಿಳಿ ಸಮವಸ್ತ್ರವನ್ನು ಚಹಾದಲ್ಲಿ, ಕೆಸರಿನಲ್ಲಿ ಅದ್ದಿ ಖಾಕಿ ಮಾಡಿಕೊಂಡಿದ್ದವು.

ಬಣ್ಣದ ವಿಷಯದಲ್ಲಿ ನನಗೆ ಬಹಳ ಖುಷಿ ಕೊಟ್ಟದ್ದು ಕುಸುಬಿ. ನಮ್ಮ ಎರೆ ಹೊಲದಲ್ಲಿ ಎಣ್ಣೆಗೆಂದು ಬೆಳೆಯುವ ಕುಸುಬಿಯ ಹೂವಿನಲ್ಲಿ ಎರಡು ಬಣ್ಣವಿದೆ. ಒಣಗಿದ ಎಸಳನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ತಣ್ಣೀರಿನಲ್ಲಿ ಹಿಂಡುತ್ತ ಹೋದರೆ ಮೊದಲು ಹಳದಿ ಇಳಿಯುತ್ತದೆ. ಆ ನೀರು ಚೆಲ್ಲಬೇಕು. ಹಳದಿ ಪೂರ್ತಿ ಹೋದ ಮೇಲೆ ಸೋಡಾ ಕಲಸಿದ ನೀರಿನಲ್ಲಿ ನೆನೆಸಿ ಹಿಂಡಿದರೆ ಕಂದು ರಸ ಬರುತ್ತದೆ. ಅದಕ್ಕೆ ನಿಂಬೆ ಹುಳಿ ಹಿಂಡುತ್ತಿದ್ದಂತೆ ಪಾತ್ರೆಯಲ್ಲೇ ಬಣ್ಣ ತಿರುಗಿ ಗುಲಾಬಿಯಾಗುತ್ತದೆ. ಬಿಸಿ ಮಾಡಬಾರದು. ಬಟ್ಟೆಯಷ್ಟೇ ತೂಕದ ಎಸಳು ಹಾಕಿದರೂ ತಿಳಿ ಗುಲಾಬಿ ಮಾತ್ರ, ಗಾಢ ಬೇಕಾದರೆ ಮತ್ತೆ ಮತ್ತೆ ಅದ್ದಬೇಕು. ಬಿಸಿಲಿಗೂ ಸಾಬೂನಿಗೂ ನಿಲ್ಲದ ಬಣ್ಣ ಇದು. ಹಾಗಾಗಿ ಎರಡು ರುಮಾಲಿಗೆ, ಒಂದು ಶಲ್ಯಕ್ಕೆ ಮಾತ್ರ ಹಾಕಿದೆ. ಅಂಗಡಿಯ ರಾಣಿ ಬಣ್ಣದ ಪಕ್ಕದಲ್ಲಿ ಇಟ್ಟರೆ ಕುಸುಬಿಯ ಗುಲಾಬಿ ಉಸಿರಾಡುತ್ತಿದೆ ಅನ್ನಿಸುತ್ತದೆ.

ಹೆಂಗಸರ ಪಾತ್ರಗಳಿಗೆ ಇಳಕಲ್ಲಿನ ಸೀರೆ, ಕೃತಕ ರೇಷ್ಮೆ ಬೆರೆಸದ್ದು, ಹದಿನೆಂಟು ಮೊಳದ್ದು. ಒಂದಕ್ಕೆ ಕಸೂತಿ ಬೇಕೆಂದು ತಂಡದವರ ಆಸೆ. ಮಷಿನ್ ಕಸೂತಿ ಅಗ್ಗ, ನೋಡಲೂ ಹತ್ತಿರ. ಆದರೆ ಕೈ ಕಸೂತಿಯ ಗವಂತಿ ಎಂದರೆ ಎಳೆ ಎಣಿಸಿ ಹಾಕುವ ಹೊಲಿಗೆ. ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟದ್ದನ್ನು ತುಂಬುತ್ತ ಬಂದರೆ ಸೆರಗಿನ ಎರಡೂ ಬದಿ ಒಂದೇ ಚಿತ್ರ, ಗಂಟು ಎಲ್ಲಿಯೂ ಇಲ್ಲ. ಗಾಳಿಗೆ ಸೆರಗು ಹೊರಳಿದರೆ ಮಷಿನ್ನಿನದರ ಹಿಂಬದಿಯ ಬಿಳಿ ದಾರ ಬಯಲಾಗುತ್ತದೆ. ಕೈ ಕಸೂತಿಯ ಹಳೆಯ ಸೀರೆಯೊಂದನ್ನು ಧಾರವಾಡದ ಸಂಬಂಧಿಕರಿಂದ ಕೇಳಿ ತಂದೆವು.

ಪೆಟಿಕೋಟ್ ಇಲ್ಲದೆ, ಪಿನ್ನಿಲ್ಲದೆ ಸೀರೆ ಉಡಬೇಕೆಂದಾಗ ನಟಿಯರು ಗಾಬರಿಯಾದರು. "ಅಕ್ಕಾ, ಬಿಚ್ಚಿ ಬಿದ್ರ ಏನ್ ಮಾಡೂದ್ರಿ?" ನೆರೆಮನೆಯ ಅಜ್ಜಿಯನ್ನು ಕರೆದುಕೊಂಡು ಹೋದೆ. ಅವರು ಸೊಂಟದಲ್ಲಿ ಸೀರೆಯ ತುದಿ ಬಿಗಿದು ಗಂಟು ಹಾಕುವುದನ್ನು, ನಿರಿಗೆ ಹಿಡಿದು ಕಚ್ಚೆ ಸಿಗಿಸುವುದನ್ನು ತೋರಿಸಿ, ಹುಡುಗಿಯರನ್ನು ಕೂರಿಸಿ, ಏಳಿಸಿ, ಓಡಿಸಿದರು. ಯಾವ ಸೀರೆಯೂ ಬಿಚ್ಚಲಿಲ್ಲ. ಬಾಬಾಸಾಹೇಬನ ತಾಯಿ, ಹೆಂಡತಿ ಮಲಪ್ರಭೆಗೆ ಬಿದ್ದರೆಂದು ನಮ್ಮ ಕಡೆಯ ಜನ ಹೇಳುತ್ತಾರೆ. ಆ ದೃಶ್ಯದಲ್ಲಿ ಇಬ್ಬರೂ ಕಚ್ಚೆ ಬಿಗಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದರು. ಪಿನ್ ಹಾಕಿದ ಸೀರೆಯಲ್ಲಿ ಆ ನಡಿಗೆ ಬರುವುದಿಲ್ಲ.

ದೀಪ ಹಾಕಿದ ರಿಹರ್ಸಲ್ ದಿನ ಬಾಬಾಸಾಹೇಬನ ಪಾತ್ರಧಾರಿ ಮೊದಲ ಸಲ ಅಂಗರಖಾ ಹಾಕಿ ಕೈ ಎತ್ತಿದ. ಮಖಮಲ್ ಕೋಟಿನಲ್ಲಿ ಕೈ ಎತ್ತಿದರೆ ಇಡೀ ಕೋಟು ಮೇಲೇರುತ್ತದೆ. ಇಲ್ಲಿ ಬಗಲಿನ ಚೌಕ ಬಿಚ್ಚಿಕೊಂಡಿತು, ಘೇರು ಅಲುಗಲಿಲ್ಲ. ಕತ್ತಿ ಬೀಸಲು, ನೆಲಕ್ಕೆ ಕೂತು ಕಾಗದ ಬರೆಯಲು, ಕುದುರೆ ಏರಲು ಎಲ್ಲಕ್ಕೂ ಆಗುವ ಅಂಗಿ ಅದು. ಆ ಹುಡುಗ ಅದನ್ನು ಹಾಕಿಕೊಂಡ ಮೇಲೆ ಕೂರುವ ರೀತಿಯೇ ಬದಲಾಯಿತು. ಹಿಂದಿನ ದಿನದವರೆಗೆ ಖುರ್ಚಿಯ ಮೇಲೆ ಕೂರುವಂತೆ ಗಾದಿಯ ತುದಿಗೆ ಕೂರುತ್ತಿದ್ದವನು ಕಾಲು ಮಡಚಿ, ಘೇರು ಸುತ್ತ ಹರಡಿ ಕೂತ.

ಪ್ರಯೋಗಗಳು ಮುಗಿದ ಮೇಲೆ ಬಟ್ಟೆಗಳನ್ನೆಲ್ಲ ಅಂಟುವಾಳದಲ್ಲಿ ಒಗೆದು, ಕುಸುಬಿಯವನ್ನು ಬೇರೆ ಮಾಡಿ, ಹಳೆಯ ಧೋತರದಲ್ಲಿ ಸುತ್ತಿ, ಬೇವಿನ ಎಲೆ ಹಾಕಿ ಇಟ್ಟಿದ್ದೇನೆ. ಪ್ಲಾಸ್ಟಿಕ್ ಚೀಲದಲ್ಲಿ ಇಡುವುದಿಲ್ಲ. ಬಾರಾಬಂದಿಗಳ ಕೆಲವು ಕಸಿ ಕಿತ್ತಿದ್ದವು, ಹಾಕಿದ್ದಾಯಿತು. ವಾಡೆಯ ಕುಬಸದ, ಅಂಗಿಯ ಅಳತೆಗಳನ್ನು ಕಂದು ಕಾಗದದ ಮೇಲೆ ಬರೆದು ಒಂದು ಪ್ರತಿಯನ್ನು ಆಯಿಗೆ ಕೊಟ್ಟು ಬಂದೆ. ಬೇರೆ ತಂಡದವರು ಕೇಳಿದರೆ ಅವರಿಗೂ ಕೊಡುತ್ತೇನೆ.

ಈಗ ಹಾವೇರಿಯ ಕಡೆಯವರು ಬಂದಿದ್ದಾರೆ, ಮೈಲಾರ ಮಹಾದೇವಪ್ಪನವರ ನಾಟಕ. ಮೋಟೆಬೆನ್ನೂರಿನವರು, 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಆ ಹೊತ್ತಿಗೆ ನಮ್ಮ ಊರುಗಳಲ್ಲಿ ಮಷಿನ್ ಇತ್ತು. ಯಂತ್ರಗಳ ಬಗ್ಗೆ ಅಷ್ಟು ಕಟುವಾಗಿದ್ದ ಗಾಂಧೀಜಿ ಕೂಡ ಸಿಂಗರ್ ಮಷಿನ್ ಒಂದನ್ನು ಬೇಡ ಎನ್ನಲಿಲ್ಲ. ಹಾಗಾಗಿ ಈ ಸಲ ಗರಗದ ಖಾದಿ, ಕಾಲರ್ ಇಲ್ಲದ ಅಂಗಿ, ಮುಂದೆ ಪಟ್ಟಿ, ಗುಂಡಿ, ಕಾಜಾ. ಪಟ್ಟಿಯ ಅಂಚಿಗೆ ಅತ್ತೆಯವರ ಸಿಂಗರಿನ ಹೊಲಿಗೆಯನ್ನೇ ಹಾಕುತ್ತಿದ್ದೇನೆ, ಹೊರಗೆ ಕಾಣುವ ಹಾಗೆ.